ತುದಿ ಕತ್ತರಿಸಿದ ಯುಕ್ಕಾ

ದೇವದುರ್ಗ
೨ ಜುಲೈ ೧೯೪೪

ಚಿ. ಸೌ. ಅಹಲ್ಯೆಗೆ ಶೇಷಗಿರಿಯ ಆಶೀರ್ವಾದ.

ಇಲ್ಲಿಗೆ ಬಂದು ಹದಿನೈದು ದಿನವಾಯಿತು. ವಸ್ತಾನಿಯಾ ಶಾಲೆಯ ಮಿಡ್ಲ್ ತರಗತಿಗಳಿಗೆಲ್ಲ ಗಣಿತಕ್ಕೆ ನಾನೊಬ್ಬನೇ ಮಾಸ್ತರ. ಇರುವುದಕ್ಕೆ ಒಂದು ಖೋಲಿ ಸಿಕ್ಕಿದೆ, ಅಡಿಗೆ ನಾನೇ ಮಾಡಿಕೊಳ್ಳುತ್ತೇನೆ. ಒಳ್ಳೆಯ ಮನೆ ಸಿಕ್ಕ ಕೂಡಲೇ ನಿನ್ನನ್ನೂ ಅಮ್ಮನನ್ನೂ ಕರೆಸಿಕೊಳ್ಳುತ್ತೇನೆ. ಅಮ್ಮನ ಕಣ್ಣಿಗೆ ಔಷಧ ಬಿಡುವುದು ಮರೆಯಬೇಡ.

ಅಂಗಳದ ಯುಕ್ಕಾ ಗಿಡದ ವಿಷಯ ಹೊರಡುವ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲಿಲ್ಲ. ಬೇಸಿಗೆಯಲ್ಲಿ ಎಂಟು ದಿನಕ್ಕೊಮ್ಮೆ ಒಂದು ತಂಬಿಗೆ ನೀರು ಸಾಕು. ಮಳೆಗಾಲದಲ್ಲಿ ಬೇಡವೇ ಬೇಡ. ಬುಡದಲ್ಲಿ ನೀರು ನಿಲ್ಲಬಾರದು, ನಿಂತರೆ ಬೇರು ಕೊಳೆಯುತ್ತದೆ. ನಮ್ಮದು ಎರೆಮಣ್ಣು, ನೀರು ಬೇಗ ಇಳಿಯುವುದಿಲ್ಲ. ಆದ್ದರಿಂದ ಒಂದೆರಡು ಪುಟ್ಟಿ ಉಸುಕು ತರಿಸಿ ಬುಡಕ್ಕೆ ಹಾಕು. ಕೆಳಗಿನ ಎಲೆ ಪೂರ್ತಿ ಕಂದಾಗಿ ಒಣಗಿದ ಮೇಲೆ ಮಾತ್ರ ಕೆಳಮುಖವಾಗಿ ಜಗ್ಗಿ ತೆಗೆ. ಹಸಿರು ಎಲೆಗೆ ಕೈ ಹಚ್ಚಬೇಡ. ಮಗು ತುಂಗಾಳ ಕಣ್ಣಿಗೆ ಚುಚ್ಚೀತೆಂದು ತಿಂಗಳಿಗೊಮ್ಮೆ ಎಲ್ಲ ಎಲೆಗಳ ತುದಿ ಕತ್ತರಿಸುತ್ತಿದ್ದೆನಲ್ಲ, ಇನ್ನು ಅದರ ಅಗತ್ಯವಿಲ್ಲ.

ಇನ್ನೊಂದು ಮಾತು. ರೈಲ್ವೆ ಬಂಗಲೆಯಿಂದ ಆ ಮರಿಗಿಡ ತಂದು ನೆಟ್ಟ ದಿನ ತುಂಗಾ ಹೂ ಯಾವಾಗ ಬರುತ್ತದೆ ಎಂದು ಕೇಳಿದ್ದಳು. ನಿನ್ನಷ್ಟು ಎತ್ತರ ಆದಾಗ ಎಂದಿದ್ದೆ. ಆಮೇಲೆ ದಿನಾ ಬೆಳಿಗ್ಗೆ ಗಿಡದ ಪಕ್ಕ ನಿಂತು ತಲೆಯ ಮೇಲೆ ಕೈ ಇಟ್ಟು ಅಳೆಯುತ್ತಿದ್ದಳು. ಆ ಅಂಗಳದಲ್ಲಿ ಕಾಲಿಡಲು ಈಗ ನನ್ನಿಂದ ಆಗದು, ಅಹಲ್ಯಾ. ಹೂ ಬಿಟ್ಟ ದಿನ ಕಾಗದ ಹಾಕು. ಅವಳಿಗೆ ಕೊಟ್ಟ ಮಾತಿಗಾಗಿಯಾದರೂ ಬರುತ್ತೇನೆ. ಅಲ್ಲಿಯವರೆಗೆ ನನ್ನನ್ನು ಕರೆಯಬೇಡ.

ಶೇಷಗಿರಿ


ರಾಯಚೂರು
೨೦ ಆಗಸ್ಟ್ ೧೯೪೪

ನಮಸ್ಕಾರ.

ನಿಮ್ಮ ಕಾಗದ ಬಂತು. ಗಿಡಕ್ಕೆ ಒಂದೂವರೆ ಪುಟ, ಅತ್ತೆಯವರಿಗೆ ಒಂದು ಸಾಲು, ನನಗೆ ಆಶೀರ್ವಾದ. ಇರಲಿ. ಗಿಡವಾದರೂ ಪುಣ್ಯ ಮಾಡಿದೆ.

ಉಸುಕು ಹಾಕಿಸಿದೆ. ಈಗ ಮಳೆ ಇರುವುದರಿಂದ ನೀರು ಹಾಕುತ್ತಿಲ್ಲ. ಹೋದ ಬೇಸಿಗೆಯಲ್ಲಿ ಮಾತ್ರ, ನೀವು ಶಾಲೆಗೆ ಹೋದ ಹೊತ್ತಿನಲ್ಲಿ, ಅತ್ತೆಯವರು ಬಾಯಿಗೆ ಬಂದಂತೆ ಅಂದಿದ್ದರು. "ಏನ ಬೇ ಅಹಲ್ಯಾ, ಬಾವಿಯಾಗ ನೀರು ತಳ ಕಂಡಾವ, ನೀ ಆ ಮುಳ್ಳಿಗಿ ತಂಬಿಗಿ ನೀರು ಸುರೀತಿ. ತುಳಸಿ ಒಣಗಾಕತ್ತದ, ಅದು ಕಾಣಂಗಿಲ್ಲೇನು ನಿನಗ?" ಎಂದರು. ಕಣ್ಣು ಸರಿಯಾಗಿ ಕಾಣದಿದ್ದರೂ ತಂಬಿಗೆಯ ಸಪ್ಪಳ ಮಾತ್ರ ಅವರಿಗೆ ಚೆನ್ನಾಗಿ ಕೇಳುತ್ತದೆ. ಅಕ್ಕಿ ತೊಳೆದ ನೀರನ್ನು ಎತ್ತಿಟ್ಟು ಅವರು ಮಲಗಿದ ಮೇಲೆ ಹಾಕುತ್ತಿದ್ದೆ.

ನಿಮ್ಮಿಂದ ಒಂದು ಮಾತು ತಿಳಿಯಬೇಕಾಗಿದೆ. ಕಲ್ಲೂರಿನಿಂದ ಮೊಸರು ತರುವ ನೀಲಗಂಗಮ್ಮ ಮೊನ್ನೆ ಗಿಡ ನೋಡಿ ನಿಂತುಬಿಟ್ಟಳು. "ಯವ್ವಾ, ಇದು ಕತ್ತಾಳಿ ಜಾತಿ ಅಲ್ಲೇನ್ರೀ? ನಮ್ಮ ಹೊಲದ ಬದುವಿನಾಗ ಸಾಲಿಗಿ ಅದಾವ. ನಟ್ಟನಡುವಿಂದ ಗೂಟದಂಗ ಕೋಲು ಏಳ್ತದ, ಹೂ ಬಿಡ್ತದ, ಅಲ್ಲಿಗಿ ಗಿಡ ಸತ್ತಂಗ. ಹಗ್ಗಕ್ಕ ನಾರು ಬೇಕಂದ್ರ ಕೋಲು ಮೊಳದುದ್ದ ಆಗೂದ್ರಾಗ ಕೊಯ್ದು ಬಿಡ್ತೀವ್ರೀ, ಗಿಡ ಉಳೀತದ" ಎಂದಳು. ಆ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಇದೂ ಹಾಗೆಯೇ? ಹೂ ಬಂದರೆ ಗಿಡ ಹೋಗುತ್ತದೆಯೇ? ಬಂಗಲೆಯ ಮಾಲಿ ನಿಮಗೆ ಏನಾದರೂ ಹೇಳಿದ್ದನೇ? ಉಳಿದದ್ದು ಬರೆಯದಿದ್ದರೂ ಇದಕ್ಕೆ ಮಾತ್ರ ಉತ್ತರ ಬರೆಯಿರಿ.

ಮನೆ ಹುಡುಕುತ್ತಿದ್ದೀರಾ?

ಅಹಲ್ಯಾ


ದೇವದುರ್ಗ
೧೪ ಜನವರಿ ೧೯೪೫

ಚಿ. ಸೌ. ಅಹಲ್ಯೆಗೆ ಆಶೀರ್ವಾದ. ಸಂಕ್ರಾಂತಿಯ ಎಳ್ಳು ಕಳಿಸಿದ್ದು ಮುಟ್ಟಿತು.

ಅರ್ಧವಾರ್ಷಿಕ ಪರೀಕ್ಷೆಯ ಕೆಲಸದಲ್ಲಿ ಕಾಗದ ತಡವಾಯಿತು. ಇಲ್ಲಿ ಮನೆ ಸಿಗುವುದು ಕಷ್ಟ. ಸಿಕ್ಕ ಒಂದೆರಡರಲ್ಲಿ ಬಾವಿ ದೂರ, ಅಮ್ಮನಿಗೆ ಆಗುವುದಿಲ್ಲ.

ಚಳಿ ಮುಗಿಯುತ್ತಿದ್ದಂತೆ ಎಲೆಯ ಸಂದಿಯಲ್ಲಿ ಬಿಳಿ ಹಿಟ್ಟಿನಂಥ ಹುಳು ಕೂರುತ್ತದೆ. ಅಂಟುವಾಳದ ನೀರಿನಲ್ಲಿ ಅರಿವೆ ಅದ್ದಿ ಒರೆಸು. ಬುಡದಲ್ಲಿ ಮರಿ ಬಂದಿದ್ದರೆ ಅವಸರದಿಂದ ಕೀಳಬೇಡ. ಗೇಣುದ್ದವಾದ ಮೇಲೆ ಚೂರಿಯಿಂದ ಬಿಡಿಸಿ, ಗಾಯ ಒಣಗುವ ತನಕ ನಾಲ್ಕು ದಿನ ನೆರಳಲ್ಲಿಟ್ಟು, ಆಮೇಲೆ ಉಸುಕಿನಲ್ಲಿ ನೆಡು. ಗೊಬ್ಬರ ಬೇಡ. ಈ ಗಿಡಕ್ಕೆ ಹೆಚ್ಚು ಉಪಚಾರ ಮಾಡಿದಷ್ಟೂ ಕೆಡುತ್ತದೆ. ದೂರವಿದ್ದು ನೋಡಿಕೊಂಡರೆ ಸಾಕು.

ಎತ್ತರ ಎಷ್ಟಾಯಿತು ಬರೆ.

ಶೇಷಗಿರಿ


ರಾಯಚೂರು
೯ ಅಕ್ಟೋಬರ್ ೧೯೪೫

ನಮಸ್ಕಾರ.

ಗಿಡ ಚೆನ್ನಾಗಿದೆ. ನನ್ನ ಭುಜದವರೆಗೆ ಬಂದಿದೆ. ತುಂಗಾ ಅಷ್ಟು ಎತ್ತರ ಬೆಳೆಯಲೇ ಇಲ್ಲ. ಎರಡು ಮರಿ ಬಿಡಿಸಿ ನೆಟ್ಟೆ, ಒಂದು ಬದುಕಿತು.

ಈ ವರ್ಷ ಹೂ ಬರಲಿಲ್ಲ.

ಅತ್ತೆಯವರಿಗೆ ಎಡಗಣ್ಣೂ ಪೂರ್ತಿ ಹೋಯಿತು. ಅವರನ್ನು ಕೈ ಹಿಡಿದು ಬಚ್ಚಲಿಗೆ ಕರೆದೊಯ್ಯುವುದು, ಮಡಿನೀರು ಸೇದುವುದು, ಅಡಿಗೆ, ಮುಸುರೆ, ಇಷ್ಟರಲ್ಲಿ ಹೊತ್ತು ಮುಳುಗುತ್ತದೆ. ಎಲೆಯ ಅಂಚು ಗೀರಿ ಬಲಗೈಗೆ ಗಾಯವಾಗಿದೆ, ಅದಕ್ಕೇ ಅಕ್ಷರ ಸೊಟ್ಟಗಿವೆ. ಹೋದ ವರ್ಷ ನಾನು ಒಂದು ಮಾತು ಕೇಳಿದ್ದೆ. ನೀವು ಉತ್ತರ ಕೊಡಲಿಲ್ಲ. ಪರವಾಗಿಲ್ಲ, ಇನ್ನು ಬೇಡ.

ಅಹಲ್ಯಾ


ದೇವದುರ್ಗ
೧೨ ಅಕ್ಟೋಬರ್ ೧೯೪೫

ಚಿ. ಸೌ. ಅಹಲ್ಯೆಗೆ ಅನೇಕ ಆಶೀರ್ವಾದ.

ನಿನ್ನ ಕಾಗದ ಇವತ್ತು ಬಂತು, ಇವತ್ತೇ ಬರೆಯಲು ಕೂತೆ. ಹೂ ಬರಲಿಲ್ಲವೆಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇದು ಅವಸರದ ಗಿಡವಲ್ಲ, ಕೆಲವು ಏಳೆಂಟು ವರ್ಷ ತೆಗೆದುಕೊಳ್ಳುತ್ತವಂತೆ. ನೀನು ನೀರು ಹೆಚ್ಚು ಹಾಕಿರಬೇಕು. ಬೇರು ತಂಪಾಗಿದ್ದರೆ ಎಲೆಯೇ ಬೆಳೆಯುತ್ತದೆ, ಹೂವಿನ ಕಡೆ ಹೋಗುವುದಿಲ್ಲ. ಬರುವ ವರ್ಷ ನೀರು ಕಡಿಮೆ ಮಾಡು.

ಗಾಯಕ್ಕೆ ಅರಿಸಿನ ಹಚ್ಚಿಕೋ. ಅಮ್ಮನಿಗೆ ಒಂದು ಕಂಬಳಿ ಕಳಿಸಿದ್ದೇನೆ. ನಿನಗೂ ಒಂದು ಇಳಕಲ್ ಸೀರೆ ಇದೆ, ಉಟ್ಟುಕೋ. ಇಲ್ಲಿ ಈ ಸಲ ಜೋಳ ಚೆನ್ನಾಗಿ ಬಂದಿದೆ.

ಶೇಷಗಿರಿ


ರಾಯಚೂರು
೩ ನವೆಂಬರ್ ೧೯೪೬

ನಮಸ್ಕಾರ.

ಈ ವರ್ಷವೂ ಹೂ ಇಲ್ಲ. ನೆತ್ತಿಯಲ್ಲಿ ಗಿಡ ಎರಡು ಕವಲಾಗಿದೆ, ಅಷ್ಟೇ.

ನೀರು ಹೆಚ್ಚಾಯಿತು ಎಂದು ನೀವು ಬರೆದದ್ದನ್ನು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡೆ. ಈಗ ಹೇಳಿಬಿಡುತ್ತೇನೆ. ರಾಯಚೂರಿನಲ್ಲಿ ಯಾರಿಗೆ ನೀರು ಹೆಚ್ಚಾಗಿದೆ ತೋರಿಸಿ. ನನಗೆ ಮೈತೊಳೆಯಲು ಎರಡು ಕೊಡ, ಅದರಲ್ಲೇ ಸೀರೆ ಹಿಂಡಬೇಕು. ದೇವದುರ್ಗದಲ್ಲಿ ಕೂತು ಬುದ್ಧಿ ಹೇಳುವುದು ಸುಲಭ. ಮೂರು ವರ್ಷವಾಯಿತು ಮಗು ಹೋಗಿ, ಎರಡು ವರ್ಷದ ಮೇಲಾಯಿತು ನೀವು ಹೋಗಿ. ಎಷ್ಟು ರಜೆ ಬಂದವು, ಎಷ್ಟು ಹಬ್ಬ ಬಂದವು! ಜನ ಕೇಳುತ್ತಾರೆ, "ಮಾಸ್ತರ್ರು ಬರಲಿಲ್ಲೇನ್ರೀ ಈ ಸರತಿನೂ?" ಅಂತ. ಕೆಲಸ ಬಹಳ ಅಂತ ಹೇಳಿ ಹೇಳಿ ನನ್ನ ಬಾಯಿ ಸವೆಯಿತು.

ಅತ್ತೆಯವರು ದಿನಾ ಸಂಜೆ ಪಡಸಾಲೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಕೂರುತ್ತಾರೆ. ಯಾರ ಹೆಜ್ಜೆ ಕೇಳಿದರೂ "ಶೇಷಣ್ಣ ಏನು?" ಅನ್ನುತ್ತಾರೆ. ನೀವು ಕರೆಯಬೇಡ ಎಂದಿದ್ದೀರಿ, ನಾನು ಕರೆಯುವುದಿಲ್ಲ. ಅವರು ಕರೆಯುತ್ತಿದ್ದಾರೆಂದು ತಿಳಿಸುತ್ತಿದ್ದೇನೆ.

ದಣಿದಿದ್ದೇನೆ. ಇಲ್ಲಿಗೆ ಸಾಕು.

ಅಹಲ್ಯಾ


ದೇವದುರ್ಗ
೩೦ ನವೆಂಬರ್ ೧೯೪೬

ಚಿ. ಸೌ. ಅಹಲ್ಯೆಗೆ ಆಶೀರ್ವಾದ.

ಕಾಗದ ತಲುಪಿತು. ನೀನು ಬರೆದದ್ದು ಸರಿ. ರಜೆಗೆ ಅರ್ಜಿ ಹಾಕಿ ನೋಡುತ್ತೇನೆ. ಅಮ್ಮನನ್ನು ನೋಡಿಕೋ.

ಶೇಷಗಿರಿ


ಮಾನವಿ
೧೨ ಅಕ್ಟೋಬರ್ ೧೯೪೭

ಚಿ. ಸೌ. ಅಹಲ್ಯೆಗೆ ಆಶೀರ್ವಾದ.

ವರ್ಗವಾಗಿ ಮಾನವಿಗೆ ಬಂದಿದ್ದೇನೆ. ರಾಯಚೂರಿಗೆ ಹತ್ತಿರವಾಯಿತು, ಕಲ್ಲೂರಿನ ಮೇಲೆ ಮೋಟಾರು ಬರುತ್ತದೆ. ಆದರೆ ದಿನಮಾನ ಸರಿಯಿಲ್ಲ, ಸಂಸ್ಥಾನದಲ್ಲೆಲ್ಲ ಗಲಾಟೆ. ಶಾಲೆಗೆ ಬರುವವರೂ ಕಡಿಮೆಯಾಗಿದ್ದಾರೆ.

ಇಲ್ಲಿಯ ಪ್ರವಾಸಿ ಬಂಗಲೆಯ ಕಂಪೌಂಡಿನಲ್ಲಿ ಆರು ಯುಕ್ಕಾ ಗಿಡಗಳಿವೆ. ನಿನ್ನೆ ಸಂಜೆ ನೋಡಲು ಹೋಗಿದ್ದೆ. ಒಂದರಲ್ಲಿ ಎರಡು ಮೊಳದ ಗೊಂಚಲು, ಬಿಳಿಯ ಹೂಗಳು ತಲೆ ಬಗ್ಗಿಸಿ ಜೋತುಬಿದ್ದಿದ್ದವು. ಮಾಲಿ ವಲಿ ಪಾಷಾ ವಯಸ್ಸಾದವನು, ಇಪ್ಪತ್ತು ವರ್ಷದಿಂದ ಈ ಗಿಡಗಳನ್ನು ನೋಡಿಕೊಂಡಿದ್ದಾನೆ. ನೀನು ಮೂರು ವರ್ಷದ ಹಿಂದೆ ಕೇಳಿದ ಪ್ರಶ್ನೆಯನ್ನು ಅವನಿಗೆ ಕೇಳಿದೆ. ಅವನು ನಕ್ಕುಬಿಟ್ಟ. "ಮಾಸ್ತರ್ ಸಾಬ್, ಇದು ಸಾಯೂ ಜಾತಿ ಅಲ್ರೀ. ಕತ್ತಾಳಿ ಬ್ಯಾರೆ, ಇದು ಬ್ಯಾರೆ. ಹೂ ಬಿಡ್ತದ, ಕೋಲು ಒಣಗ್ತದ, ಬಾಜೂಕ ಎರಡು ತಲಿ ಒಡೀತಾವ. ಮತ್ತ ಆ ತಲಿಗೆ ಹೂ. ಕೋಲು ಬಂದು ಹೋದ ಗಿಡಾನೇ ಹಿಂಗ ಕವಲಾಗೂದು ನೋಡ್ರಿ" ಎಂದ.

ಆಗ ನಾನು ಉತ್ತರ ಬರೆಯದೆ ಹೋದದ್ದಕ್ಕೆ ಕಾರಣ ಇಷ್ಟೇ: ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ರೂಢಿಯಿಲ್ಲದ ಮಾಸ್ತರ ನಾನು. ತಡವಾದರೂ ಈಗ ಉತ್ತರ ಕೊಟ್ಟಿದ್ದೇನೆ. ಹೂ ಬಂದರೆ ಗಿಡ ಹೋಗುವುದಿಲ್ಲ.

ಶೇಷಗಿರಿ


ಮಾನವಿ
೧೮ ಜನವರಿ ೧೯೪೮

ಅಹಲ್ಯೆಗೆ ಆಶೀರ್ವಾದ.

ಮೂರು ತಿಂಗಳಾಯಿತು, ಕಾಗದವಿಲ್ಲ. ಅಮ್ಮ ಹೇಗಿದ್ದಾಳೆ? ನೀನು ಹೇಗಿದ್ದೀ? ಒಂದು ಸಾಲಾದರೂ ಹಾಕು.

ಶೇಷಗಿರಿ


ರಾಯಚೂರು
೧೫ ಫೆಬ್ರುವರಿ ೧೯೪೮

ನಮಸ್ಕಾರ.

ಅತ್ತೆಯವರು ಚೆನ್ನಾಗಿದ್ದಾರೆ. ನಾನೂ ಇದ್ದೇನೆ. ಮೂರು ತಿಂಗಳಲ್ಲಿ ನಾಲ್ಕು ಸಲ ಕಾಗದ ಬರೆದು ನಾಲ್ಕು ಸಲ ಒಲೆಗೆ ಹಾಕಿದೆ. ಇದನ್ನು ಬರೆದ ಕೂಡಲೇ ನೀಲಗಂಗಮ್ಮನ ಕೈಯಲ್ಲಿ ಟಪಾಲಿಗೆ ಹಾಕಿಸುತ್ತೇನೆ, ಮನಸ್ಸು ತಿರುಗುವ ಮೊದಲು.

ಹೂ ಬಂದಿತ್ತು. ಮೂರು ವರ್ಷವೂ ಬಂದಿತ್ತು.

ಮೊದಲ ಸಲ ನಲವತ್ತೈದರಲ್ಲಿ, ಭಾದ್ರಪದದ ಹೊತ್ತಿಗೆ. ಬೆಳಿಗ್ಗೆ ರಂಗೋಲಿ ಹಾಕಲು ಹೋದಾಗ ನಡುವಿನಿಂದ ಹೆಬ್ಬೆರಳಿನಷ್ಟು ಕೆಂಪುಕೆಂಪಾಗಿ ಏನೋ ಎದ್ದಿತ್ತು. ವಾರದಲ್ಲಿ ಮೊಳದುದ್ದ ಆಯಿತು. ನಾನು ಒಂದು ವಾರ ಊಟ ಮಾಡಿದ್ದು ಗೊತ್ತಿಲ್ಲ, ನಿದ್ದೆ ಮಾಡಿದ್ದು ಗೊತ್ತಿಲ್ಲ. ಹೂ ಬಿಟ್ಟರೆ ನೀವು ಬರುತ್ತೀರಿ. ಹೂ ಬಿಟ್ಟರೆ ಗಿಡ ಹೋಗುತ್ತದೆ. ಎರಡರಲ್ಲಿ ಒಂದು ಅಂದಾಗ ನಾನು ಗಿಡ ಉಳಿಸಿಕೊಂಡೆ. ನೀವು ದೇವದುರ್ಗದಲ್ಲಾದರೂ ಇದ್ದಿರಿ. ಅವಳು ಎಲ್ಲಿದ್ದಾಳೆ? ಅವಳ ಕೈಯಿಂದ ಮಣ್ಣು ಹಾಕಿಸಿಕೊಂಡದ್ದು ಈ ಮನೆಯಲ್ಲಿ ಅದೊಂದೇ ಉಳಿದಿದೆ. ಕುಡುಗೋಲು ತಂದು ಕೊಯ್ದೆ. ಕೈ ಗಾಯವಾಗಿತ್ತಲ್ಲ, ಅದು ಆವತ್ತಿನದೇ.

ಮತ್ತೆ ನಲವತ್ತಾರರಲ್ಲಿ. ಮತ್ತೆ ಹೋದ ವರ್ಷ, ನಿಮ್ಮ ಮಾನವಿಯ ಕಾಗದ ಬರುವ ಇಪ್ಪತ್ತು ದಿನ ಮೊದಲು. ಆ ವರ್ಷ ಎರಡು ತಲೆಗೂ ಕೋಲು ಬಂದಿತ್ತು, ಎರಡನ್ನೂ ಕೊಯ್ದೆ. ನಾಲ್ಕು ಕೋಲೂ ತುಂಗಾಳ ಪೆಟ್ಟಿಗೆಯಲ್ಲಿ ಅವಳ ಲಂಗದ ಜೊತೆ ಇವೆ. ಒಣಗಿ ಸೌದೆಯಾಗಿವೆ, ಆದರೆ ಒಲೆಗೆ ಹಾಕಲು ಕೈ ಬರಲಿಲ್ಲ.

ವಲಿ ಪಾಷಾನ ಮಾತನ್ನು ಅಂಗಳದಲ್ಲೇ ನಿಂತು ಎರಡು ಸಲ ಓದಿದೆ. ಮೂರು ವರ್ಷ ನಿಮ್ಮನ್ನು ನಾನೇ ಹೊರಗೆ ನಿಲ್ಲಿಸಿದೆ. ಅತ್ತೆಯವರು ದಿನಾ ಬಾಗಿಲು ಕಾಯುವಾಗ ಅವರ ಮಗ ಬರದಂತೆ ಮಾಡಿದವಳು ನಾನೇ ಒಳಗಿದ್ದೆ. ಇದನ್ನು ಯಾವ ದೇವರ ಮುಂದೆ ಹೇಳಲಿ? ನಿಮ್ಮ ಮುಂದೆ ಹೇಳಿದ್ದೇನೆ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಆದರೆ ಬರೆಯಿರಿ.

ಅಹಲ್ಯಾ


ಮಾನವಿ
೨೪ ಅಕ್ಟೋಬರ್ ೧೯೪೮

ಅಹಲ್ಯಾ,

ಎಂಟು ತಿಂಗಳು ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಗಲಾಟೆಯಲ್ಲಿ ಶಾಲೆ ಮುಚ್ಚಿತ್ತು, ಮೋಟಾರು ನಿಂತಿತ್ತು, ಟಪಾಲೂ ನಿಂತಿತ್ತು. ಅದು ನಿಜ. ಅದು ಕಡೆಯ ಎರಡು ಮೂರು ತಿಂಗಳ ಮಾತು ಎಂಬುದೂ ನಿಜ. ಅದಕ್ಕೆ ಮೊದಲು ಬರೆಯಲು ನನಗೆ ಯಾರೂ ಅಡ್ಡಿ ಮಾಡಿರಲಿಲ್ಲ.

ನೀನು ನನ್ನನ್ನು ಹೊರಗೆ ನಿಲ್ಲಿಸಲಿಲ್ಲ. ಕೇಳು.

ನಲವತ್ತೈದರ ಸೆಪ್ಟೆಂಬರಿನಲ್ಲಿ ಶಾಲೆಯ ಕೆಲಸಕ್ಕೆ ರಾಯಚೂರಿಗೆ ಬಂದಿದ್ದೆ. ನಿನಗೆ ತಿಳಿಸಿರಲಿಲ್ಲ. ಕಚೇರಿಯ ಕೆಲಸ ಮುಗಿದ ಮೇಲೆ ಕಾಲು ತಾನಾಗಿ ನಮ್ಮ ಓಣಿಗೆ ಬಂತು. ಬೇವಿನ ಮರದ ಹತ್ತಿರ ನಿಂತೆ. ಅಂಗಳದ ಮೋಟುಗೋಡೆಯ ಮೇಲೆ ಗಿಡದ ನೆತ್ತಿ ಕಾಣುತ್ತಿತ್ತು. ಅದರ ನಡುವೆ ಕೋಲು ಎದ್ದಿತ್ತು. ನೋಡಿದೆ, ಅಹಲ್ಯಾ. ಹೂವಿನ ಕೋಲು ಎಂದು ಗೊತ್ತಾಯಿತು. ಒಳಗೆ ನೀನು ಅಮ್ಮನ ಜೊತೆ ಏನೋ ಮಾತಾಡುತ್ತಿದ್ದೆ, ದನಿ ಕೇಳಿಸಿತು. ಹತ್ತು ಹೆಜ್ಜೆ ಇಟ್ಟಿದ್ದರೆ ಬಾಗಿಲು. ನಾನು ತಿರುಗಿ ಮೋಟಾರು ಸ್ಟ್ಯಾಂಡಿನ ಕಡೆ ನಡೆದುಬಿಟ್ಟೆ.

ಇನ್ನೇನು ನಿನ್ನ ಕಾಗದ ಬರುತ್ತದೆ, ಹೋಗಲೇಬೇಕು ಎಂದು ದಿನಾ ಹೆದರುತ್ತಿದ್ದೆ. ಕಡೆಗೆ ಬಂತು. ಈ ವರ್ಷ ಹೂ ಬರಲಿಲ್ಲ ಎಂದು ನೀನು ಬರೆದಿದ್ದೆ. ನೀನು ಸುಳ್ಳು ಹೇಳಿದ್ದು ಗೊತ್ತಾಯಿತು. ನಾನು ಬರುವುದು ನಿನಗೂ ಬೇಡವಾಗಿದೆ ಎಂದು ತಿಳಿದೆ. ತಿಳಿದು ದುಃಖವಾಗಬೇಕಿತ್ತು. ಹಗುರವಾಯಿತು. ಆವತ್ತೇ ಉತ್ತರ ಬರೆದೆ, ನೀರು ಹೆಚ್ಚಾಯಿತು ಎಂದು ನಿನ್ನ ಮೇಲೇ ತಪ್ಪು ಹೊರಿಸಿದೆ, ಸೀರೆ ಕಳಿಸಿದೆ. ಆಮೇಲಿನ ವರ್ಷಗಳಲ್ಲಿ ನಿನ್ನ ಸುಳ್ಳಿನ ನೆರಳಲ್ಲಿ ಕೂತು ಆರಾಮಾಗಿ ಪಾಠ ಹೇಳಿದೆ.

ಯಾಕೆ ಎಂದು ನೀನು ಕೇಳುವುದಿಲ್ಲ, ನನಗೆ ಗೊತ್ತು. ತುಂಗಾಳಿಗೆ ಜ್ವರ ಬಂದ ಮೂರನೆಯ ದಿನ, ಶುಕ್ರವಾರ, ನೀನು "ಡಾಕ್ಟರಿಗೆ ಹೇಳಿ ಕಳಸ್ರಿ, ಹುಡುಗಿ ಕಣ್ಣು ಸರಿ ಕಾಣವಲ್ವು" ಎಂದೆ. ಪರೀಕ್ಷೆಯ ಕಾಗದ ತಿದ್ದುತ್ತಿದ್ದ ನಾನು, ಸೋಮವಾರ ನೋಡೋಣ ಎಂದೆ. ಸೋಮವಾರ ಡಾಕ್ಟರು ಬಂದು ಏನು ಹೇಳಿದರು ಎಂಬುದು ನಿನಗೂ ನೆನಪಿದೆ. ಆ ಅಂಗಳಕ್ಕೆ ಬಂದರೆ ನೀನು ಎದುರಿಗೆ ನಿಲ್ಲುತ್ತೀ. ಅದಕ್ಕೇ ಹೂವಿನ ಷರತ್ತು ಹಾಕಿದ್ದು. ಅವಳಿಗೆ ಕೊಟ್ಟ ಮಾತು ಗೀತು ಏನೂ ಅಲ್ಲ. ಮೂರು ನಾಲ್ಕು ವರ್ಷ ಹೂ ಬರುವುದಿಲ್ಲ ಎಂಬ ಧೈರ್ಯದಲ್ಲಿ ಬರೆದದ್ದು.

ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ.

ಶೇಷಗಿರಿ


ರಾಯಚೂರು
೫ ನವೆಂಬರ್ ೧೯೪೮

ನಿಮಗೆ,

ಕಾಗದ ಓದಿದೆ. ಎರಡು ದಿನ ಅತ್ತೆಯವರು ಬೈದರು, "ಯಾಕ ಬೇ, ಮೂಕಿ ಆಗಿಯೇನು?" ಎಂದು. ಮೂರನೆಯ ದಿನ ಅಳು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ಇನ್ನೂ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಗೊತ್ತಿದ್ದೂ ನೀರು ಹೆಚ್ಚಾಯಿತು ಎಂದು ಬರೆದಿರಲ್ಲ! ಹೂ ಬಂದದ್ದು ನನಗೆ ಗೊತ್ತಿದ್ದರೂ, ಬೇರು ಕೊಳೆತೀತೆಂದು ಹೆದರಿ ನಂಬಿದೆ. ಮರುವರ್ಷದ ಬೇಸಿಗೆಯೆಲ್ಲ ತಿಂಗಳಿಗೊಂದೇ ತಂಬಿಗೆ ಹಾಕಿ, ಗಿಡ ಬಾಡಿತೋ ಎಂದು ದಿನಕ್ಕೆ ಹತ್ತು ಸಲ ಹೋಗಿ ಮುಟ್ಟಿ ನೋಡುತ್ತಿದ್ದೆ. ಬೇವಿನ ಮರದ ಹತ್ತಿರ ನಿಂತಿದ್ದಿರಂತೆ. ಒಂದು ಸಲ ಕೆಮ್ಮಿದ್ದರೂ ಅತ್ತೆಯವರು ಗುರುತು ಹಿಡಿಯುತ್ತಿದ್ದರು.

ಸೋಮವಾರದ ಮಾತನ್ನು ನಾನು ಒಂದು ದಿನವೂ ಎತ್ತಲಿಲ್ಲ. ಎತ್ತಬೇಕಿತ್ತು. ಬಾಯಿ ಬಿಟ್ಟು ಬೈದಿದ್ದರೆ ನೀವು ಅಳುತ್ತಿದ್ದಿರಿ, ನಾನೂ ಅಳುತ್ತಿದ್ದೆ, ಇಬ್ಬರೂ ಒಂದೇ ಮನೆಯಲ್ಲಿ ಅಳುತ್ತಿದ್ದೆವು. ನಾನು ಮರೆತಿಲ್ಲ. ಮರೆಯುವುದೂ ಇಲ್ಲ. ಆದರೆ ಆ ಶುಕ್ರವಾರ ನಾನೇ ಸೆರಗು ಹೊದ್ದು ಡಾಕ್ಟರ ಮನೆಗೆ ಹೋಗಬಹುದಿತ್ತು. ಓಣಿ ದಾಟಿದರೆ ಅವರ ಮನೆ. ಹೋಗಲಿಲ್ಲ, ನೀವು ಹೇಳಿದಿರಿ ಎಂದು ಕೂತೆ. ಐದು ವರ್ಷದಿಂದ ನನ್ನ ಪಾಲಿನದು ನನ್ನ ಹತ್ತಿರ ಇದೆ.

ಈ ವರ್ಷ ಕೊಯ್ಯಲಿಲ್ಲ. ಸೆಪ್ಟೆಂಬರಿನಲ್ಲಿ ಸೈನ್ಯ ಬರುತ್ತದೆಂದು ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ ನಮ್ಮ ಅಂಗಳದಲ್ಲಿ ಹೂ ಬಿಟ್ಟಿತು. ಎಂಟು ದಿನ ನಾವಿಬ್ಬರೂ ಹೊರಗೆ ಕಾಲಿಡಲಿಲ್ಲ, ನೀಲಗಂಗಮ್ಮನೂ ಬರಲಿಲ್ಲ. ಅತ್ತೆಯವರನ್ನು ಕೈ ಹಿಡಿದು ಕರೆದೊಯ್ದು ಗೊಂಚಲು ಮುಟ್ಟಿಸಿದೆ. ಒಂದೊಂದೇ ಹೂವನ್ನು ಸವರಿ ನೋಡಿ, "ಹುಡುಗಿ ನೋಡಬೇಕಾಗಿತ್ತು ಬೇ" ಎಂದರು. ಆ ಮುದುಕಿ ಐದು ವರ್ಷದಲ್ಲಿ ತುಂಗಾಳ ಮಾತು ಆಡಿದ್ದು ಅದೇ ಮೊದಲು. ಇಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆವು.

ನಿಮಗೆ ತಿಳಿಸಲಿಲ್ಲ. ಟಪಾಲು ನಿಂತಿತ್ತು, ನಿಜ. ನಡೆದಿದ್ದರೂ ಬರೆಯುತ್ತಿರಲಿಲ್ಲ. ನನ್ನ ಕಾಗದಕ್ಕೆ ಉತ್ತರ ಬರದೆ ಅಷ್ಟು ತಿಂಗಳಾಗಿದ್ದವು.

ಈಗ ಹೂ ಉದುರಿ ಹೋಗಿದೆ. ಕೋಲು ಒಣಗಿ ನಿಂತಿದೆ. ಗಿಡ ಗಟ್ಟಿಯಾಗಿದೆ, ವಲಿ ಪಾಷಾ ಹೇಳಿದ ಹಾಗೆ ಬದಿಯಲ್ಲಿ ಹೊಸ ತಲೆ ಒಡೆಯುತ್ತಿವೆ. ಬರುವ ವರ್ಷದವರೆಗೆ ಹೂ ಇಲ್ಲ, ನಿಮ್ಮ ಷರತ್ತಿಗೆ ಏನೂ ಇಲ್ಲ. ಬರುವುದಿದ್ದರೆ ಬರಿಯ ಗಿಡವಿರುವ ಅಂಗಳಕ್ಕೆ ಬರಬೇಕು, ನಾನೂ ಎದುರಿಗೆ ನಿಂತಿರುತ್ತೇನೆ. ಕಲ್ಲೂರಿನ ಮೇಲೆ ಮೋಟಾರು ಮತ್ತೆ ಶುರುವಾಗಿದೆ ಎಂದು ನೀಲಗಂಗಮ್ಮ ಹೇಳಿದಳು.

ನಿಮ್ಮ ಮೊದಲ ಕಾಗದದಲ್ಲಿ ಇನ್ನು ಎಲೆಯ ತುದಿ ಕತ್ತರಿಸುವ ಅಗತ್ಯವಿಲ್ಲ ಎಂದು ಬರೆದಿದ್ದಿರಿ. ಅದೊಂದು ಮಾತು ನಾನು ಕೇಳಲಿಲ್ಲ. ತಿಂಗಳಿಗೊಮ್ಮೆ, ನಿಮ್ಮದೇ ಕತ್ತರಿಯಿಂದ, ಒಂದು ತಿಂಗಳೂ ತಪ್ಪಿಸಿಲ್ಲ. ಇವತ್ತು ಬೆಳಿಗ್ಗೆಯೂ ಎಲ್ಲ ಕತ್ತರಿಸಿದ್ದೇನೆ. ಏನೂ ಚುಚ್ಚುವುದಿಲ್ಲ, ಬರ್ರಿ.

ಅಹಲ್ಯಾ